ಹುಳುವಿನ ಮನೆಯಲ್ಲಿ ಹಚ್ಚಿದ ಊದುಬತ್ತಿ

ಎರಡೇ ಎರಡು ಊದುಬತ್ತಿ. ನಾನು ಹಚ್ಚಿದ್ದು ಅಷ್ಟೇ. ಅದೂ ದೇವರಿಗೆ!

ಅಷ್ಟಕ್ಕೇ ಜಯಕ್ಕ ತಲೆ ಮೇಲಿದ್ದ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಬಾಗಿಲಲ್ಲೇ ಬಿಸಾಕಿ, ಕದ ತೆರೆದ ನನ್ನನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದಳು. ಆ ರಭಸಕ್ಕೆ ನನ್ನ ಕನ್ನಡಕ ಕೆಳಗೆ ಬಿತ್ತು.

"ಯಾವನ್ಲಾ ಇದ್ನ ಹಚ್ಚಿದ್ದು?" ಎಂದು ಕೂಗಿದಳು.

ಅಲ್ಲಿದ್ದವನು ನಾನೊಬ್ಬನೇ. ಆದರೂ ಒಮ್ಮೆ ಹಿಂದೆ ತಿರುಗಿ ನೋಡಿದೆ.

ಜಯಕ್ಕ ನನ್ನ ದೊಡ್ಡಪ್ಪನ ಮಗಳು. ಕುದೂರಿನ ಹತ್ತಿರದ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುತ್ತಾಳೆ. ನಾನು ರಾಮನಗರದ ಪೇಟೆಯಲ್ಲಿ ಬೆಳೆದವನು. ರೇಷ್ಮೆಗೂಡಿನ ಮಾರ್ಕೆಟ್ ಮುಂದೆ ದಿನಾ ಓಡಾಡಿದ್ದೇನೆ. ಗೂಡು ಗೊತ್ತು, ಹುಳು ಗೊತ್ತಿಲ್ಲ. (ಊಟ ಗೊತ್ತು, ಅಡುಗೆ ಗೊತ್ತಿಲ್ಲ ಎನ್ನುವ ಗಂಡಸರ ಪೈಕಿಯೂ ನಾನೇ.)

ಅಲ್ಲಿಗೆ ಹೋಗಲು ಕಾರಣವೂ ಭಕ್ತಿಯೇ. ಚನ್ನಪಟ್ಟಣದ ಕಾಲೇಜೊಂದರವರು ಭಾಷಣಕ್ಕೆ ಕರೆದಿದ್ದರು. ವಿಷಯ: ಪ್ರಾಚೀನ ತತ್ತ್ವಶಾಸ್ತ್ರ ಮತ್ತು ಸಾಹಿತ್ಯದಲ್ಲಿ ಭಕ್ತಿಯ ಅರ್ಥ. ಫಿಲಾಸಫಿ ಪಾಠ ಮಾಡಿ ರಿಟೈರ್ ಆದವನಿಗೆ ಇದೇನು ಮಹಾ ಎಂದು ಒಪ್ಪಿಕೊಂಡುಬಿಟ್ಟೆ. ಬರೆಯಲು ಕೂತರೆ ಮನೆಯಲ್ಲಿ ಟೀವಿ, ಕುಕ್ಕರ್, ಫೋನು. ಎರಡು ದಿನ ಅಕ್ಕನ ಮನೆಯಲ್ಲಿದ್ದು ಬರೋಣ ಎಂದು ಹೊರಟೆ. ಬರಿಗೈಲಿ ಹೋಗುವುದು ಹೇಗೆ? ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಒಂದು ಪ್ಯಾಕೆಟ್ ಊದುಬತ್ತಿ ಕೊಂಡೆ.

ನಾನು ಹೋದಾಗ ಅಕ್ಕ ತೋಟದಲ್ಲಿದ್ದಳು. ಅಲ್ಲಿಂದಲೇ ಕೂಗಿ ಹೇಳಿದಳು: "ಒಸಿ ಸೊಪ್ಪು ಕುಯ್ಕಂಡ್ ಬತ್ತೀನಿ, ಕೂತಿರ್ಲಾ. ಹುಳಿನ್ ಮನೆ ಒಳಕ್ಕೋದ್ರೆ ಕೈಕಾಲ್ ತೊಳ್ಕೊಂಡ್ ಹೋಗು."

ಕೈಕಾಲು ತೊಳೆದೆ. ಬ್ಲೀಚಿಂಗ್ ನೀರಿನಲ್ಲಿ ಅದ್ದಿದ್ದ ಗೋಣಿಚೀಲದ ಮೇಲೆ ಕಾಲಿಟ್ಟು ಒಳಗೆ ಹೋದೆ. ಅಂತಸ್ತಿನ ಮೇಲೆ ಅಂತಸ್ತು ಹುಳುಗಳ ಹಾಸಿಗೆ. ಅವು ನಾಲ್ಕನೇ ಜ್ವರದಿಂದ ಎದ್ದು ಮೂರು ದಿನವಾಗಿತ್ತು. (ಹುಳು ಪೊರೆ ಬಿಡಲು ಸೊಪ್ಪು ಬಿಟ್ಟು ಮಲಗುತ್ತದಲ್ಲ, ಅದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ.) ಇನ್ನು ನಾಲ್ಕು ದಿನಕ್ಕೆ ಸೊಪ್ಪು ಸಾಕೆಂದು ಬಿಟ್ಟು, ಹಣ್ಣಾಗಿ ಗೂಡು ಕಟ್ಟಬೇಕು.

ಗೋಡೆಯ ಮೇಲೆ ಮನೆದೇವರ ಫೋಟೋ ಇತ್ತು. ಹೂವಿಲ್ಲ, ಕುಂಕುಮವಿಲ್ಲ, ದೀಪವಿಲ್ಲ. ಗಾಜಿನ ಮೇಲೆ, ಹುಳುವಿನ ಹಾಸಿಗೆಗೆ ಉದುರಿಸುವ ಸುಣ್ಣದ ಪುಡಿ. ನೋಡಿ ಪಾಪ ಅನ್ನಿಸಿತು.

ನನ್ನ ತಲೆಯಲ್ಲಿ ಹಳೆಯ ಗ್ರೀಸಿನವರ ಜಗಳ ಓಡುತ್ತಿತ್ತು. ದೇವರು ಮೆಚ್ಚಿದ್ದಕ್ಕೇ ಒಂದು ಕೆಲಸ ಪವಿತ್ರವೋ? ಪವಿತ್ರವಾಗಿದೆ ಎಂದೇ ದೇವರು ಮೆಚ್ಚುತ್ತಾನೋ? ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅವರು ಕೇಳಿಕೊಂಡರು: ಕುದುರೆ ನೋಡಿಕೊಳ್ಳುವವನ ಸೇವೆಯಿಂದ ಕುದುರೆಗೆ ಒಳ್ಳೆಯದಾಗುತ್ತದೆ, ಸರಿ. ನಮ್ಮ ಸೇವೆಯಿಂದ ದೇವರಿಗೆ ಏನು ಒಳ್ಳೆಯದಾಗುತ್ತದೆ? ಆ ಫೋಟೋ ನೋಡುತ್ತಾ ನನಗೆ ಉತ್ತರ ಹೊಳೆಯಿತು. ಏನಿಲ್ಲದಿದ್ದರೂ ಒಂದಿಷ್ಟು ಘಮ ಸಿಗುತ್ತದಲ್ಲ!

ಹುಳುವಿನ ಮನೆಯಲ್ಲಿ ಸೊಳ್ಳೆಬತ್ತಿ ಹಚ್ಚಬಾರದು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಲ್ಲಿ ಬೀಡಿ ಸೇದಿದ್ದಕ್ಕೆ ನಮ್ಮ ಭಾವ ಬೈಸಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೆ. ಆದರೆ ಇದು ದೇವರ ಹೊಗೆಯಲ್ಲವೇ? ದೇವರ ಹೆಸರಿನಲ್ಲಿ ಹಚ್ಚಿದ ಹೊಗೆಗೆ ವಿನಾಯಿತಿ ಇದೆ ಎಂದು ನಾನೇ ತೀರ್ಮಾನಿಸಿದ್ದೆ. ಫೋಟೋ ಒರೆಸಿ, ಊದುಬತ್ತಿ ಸಿಕ್ಕಿಸಿ, ಕಣ್ಣುಮುಚ್ಚಿ ಕೈಮುಗಿದೆ. ಗಾಳಿ ಒಳಬರದಂತೆ ಬಾಗಿಲನ್ನೂ ಹಾಕಿದ್ದೆ. ಎಂಥ ಏಕಾಗ್ರತೆ ನೋಡಿ!

ಅಕ್ಕ ಬಂದವಳು ಊದುಬತ್ತಿಗಳನ್ನು ಕಿತ್ತು ಹೊರಗೆ ಎಸೆದಳು. ಕಿಟಕಿಯ ಗೋಣಿತಾಟುಗಳನ್ನೆಲ್ಲ ಎತ್ತಿ ಕಟ್ಟಿದಳು.

"ದೇವ್ರಿಗೆ ಅಂತ..." ಎಂದೆ.

"ದೇವ್ರು ಕೆಮ್ಮಾಕಿಲ್ಲ ಕಣ್ಲಾ. ಹುಳ ಏನ್ ಮಾಡ್ತವೆ?"

ಫೋಟೋದ ಕೆಳಗಿನ ಹಾಸಿಗೆಯಲ್ಲಿ ಹುಳುಗಳು ತಲೆ ಎತ್ತಿ ಅತ್ತಿಂದಿತ್ತ ಆಡಿಸುತ್ತಿದ್ದವು. ಕೆಲವು ಹಸಿರು ನೀರು ಕಕ್ಕಿದ್ದವು. ಅಕ್ಕ ಅವನ್ನು ಒಂದೊಂದಾಗಿ ಆರಿಸಿ ತೆಗೆದಳು. ಮಿಕ್ಕವಕ್ಕೆ ಹೊಸ ಸೊಪ್ಪು ಹಾಕಿ ನೆಲದ ಮೇಲೆ ಕೂತಳು.

"ಈಗ?" ಎಂದೆ.

"ಈಗೇನು? ತಿಂದ್ರೆ ಬದುಕ್ದೊ. ತಿನ್ನಲಿಲ್ಲ ಅಂದ್ರೆ ಇಪ್ಪತ್ ದಿನದ್ ಕೆಲ್ಸ ತಿಪ್ಪೆಗೋಯ್ತು."

ಹುಳು ಸೊಪ್ಪಿಗೆ ಬಾಯಿ ಹಾಕಲೆಂದು ಕಾದ ಆ ಎರಡು ಗಂಟೆ ನನಗೆ ಚೆನ್ನಾಗಿ ನೆನಪಿದೆ. ನನಗೆ ನಿಜವಾಗಿಯೂ ಭಯವಾಗಿತ್ತು. ಇಪ್ಪತ್ತು ದಿನ ಇವಳು ಒಂದು ಮದುವೆಗೆ ಹೋಗಿಲ್ಲ, ಒಂದು ನಾಮಕರಣಕ್ಕೆ ಹೋಗಿಲ್ಲ. ಹುಳುವಿಗೆ ಹೊತ್ತು ಮೀರುತ್ತದೆ ಎಂದು ತಾನು ಹೊತ್ತಿಗೆ ಸರಿಯಾಗಿ ಉಂಡಿಲ್ಲ. ನಾನು ಮನಸ್ಸಿನಲ್ಲೇ ಹರಕೆ ಹೊತ್ತೆ. (ಹೌದು, ಅದೇ ದೇವರಿಗೆ. ಹೊಗೆ ಹಾಕಿದವನೂ ನಾನೇ, ಕಾಪಾಡು ಎಂದವನೂ ನಾನೇ.) ಅಕ್ಕ ಫೋಟೋದ ಕಡೆ ಒಂದು ಸಲವೂ ತಿರುಗಲಿಲ್ಲ. ಅವಳ ಕಣ್ಣೆಲ್ಲ ಎಲೆಯ ಅಂಚಿನ ಮೇಲೆ.

ಕೊನೆಗೆ ಒಂದು ಎಲೆಯ ಅಂಚು ಸವೆಯಿತು. ಆಮೇಲೆ ಇನ್ನೊಂದು. ಅಕ್ಕ ಉಸಿರು ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು. ಫೋಟೋದ ಕೆಳಗಿನ ಆ ಒಂದು ಹಾಸಿಗೆ ಉಳಿಯಲಿಲ್ಲ. ಉಳಿದದ್ದೆಲ್ಲ ಉಳಿಯಿತು.

ಸಂಜೆ ಕಾಫಿ ಕುಡಿಯುವಾಗ ಮೆಲ್ಲಗೆ ಕೇಳಿದೆ. "ಪೂಜೆ ಮಾಡಲ್ಲ ಅಂದ್ಮೇಲೆ ಅಲ್ಲಿ ಫೋಟೋ ಯಾಕಕ್ಕ?"

"ಮಾಡ್ದೆ ಏನು? ಮನೇಲಿ ದಿನಾ ಮಾಡ್ತೀನಿ. ಇಲ್ಲಿ ಸುಮ್ನೆ ನೋಡ್ಕಂಡಿರ್ಲಿ ಅಂತ ಮಡ್ಗಿವ್ನಿ. ಹುಳಿನ್ ಮನೇಗ್ ಬಂದ್ಮೇಲೆ ಅವ್ನೂ ನಮ್ಮಂಗೇ ಇರ್ಬೇಕು."

ನನಗೆ ಕಾಫಿ ನೆತ್ತಿಗೆ ಹತ್ತಿತು. ಹಳೆಯ ರೋಮಿನವರು ದೇವರಿಗೆ, ಹೆತ್ತವರಿಗೆ, ನಾಡಿಗೆ ಸಲ್ಲಿಸುವ ಕರ್ತವ್ಯವನ್ನೆಲ್ಲ ಒಂದೇ ಹೆಸರಿನಿಂದ ಕರೆಯುತ್ತಿದ್ದರು. ನಮ್ಮ ಹಳೆಯ ಕಥೆಗಳಲ್ಲೂ ಮಂತ್ರ ಗೊತ್ತಿಲ್ಲದ ಭಕ್ತರೇ ಮೊದಲು ಗೆಲ್ಲುತ್ತಾರೆ. ಇದನ್ನೆಲ್ಲ ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಆದರೆ ದೇವರಿಗೂ ಶಿಸ್ತು ಹೇಳುವಷ್ಟು ಸಲಿಗೆ ಇರುವ ಭಕ್ತಿಯನ್ನು ಯಾವ ನೋಟ್ಸಿನಲ್ಲಿ ಬರೆಸಿದ್ದೆ?

ಇಷ್ಟರ ಮೇಲೂ ನನಗೊಂದು ಅನುಮಾನ ಉಳಿದಿದೆ. ಅಕ್ಕನದು ಭಕ್ತಿಯೋ, ಬರೀ ಜಾಗ್ರತೆಯೋ? ಎರಡೂ ಒಂದೇ ಎಂದರೆ ದೇವರಿಗೆ ಕೆಲಸವೇನು? ಬೇರೆ ಬೇರೆ ಎಂದರೆ, ಜಾಗ್ರತೆಯಿಲ್ಲದ ನನ್ನ ಭಕ್ತಿಯಿಂದ ಯಾರಿಗೆ ಏನಾಯಿತು ಎಂದು ಆ ಹಾಸಿಗೆ ನೋಡಿದವನು ನಾನು. ಚನ್ನಪಟ್ಟಣದಲ್ಲಿ ಭಾಷಣ ಮುಗಿದ ಮೇಲೆ ಹುಡುಗಿಯೊಬ್ಬಳು ಎದ್ದು, "ಹಾಗಾದ್ರೆ ಭಕ್ತಿ ಅಂದ್ರೆ ಏನು ಸಾರ್?" ಎಂದಾಗ, "ಇನ್ನೂ ಹುಡುಕ್ತಾ ಇದ್ದೀನಮ್ಮ" ಎಂದೆ. ಇಷ್ಟು ವರ್ಷದಲ್ಲಿ ನಾನು ಕೊಟ್ಟ ಅತ್ಯಂತ ಪ್ರಾಮಾಣಿಕ ಉತ್ತರ ಅದು.

ಹುಳು ಹಣ್ಣಾದವು ಎಂದು ಅಕ್ಕ ಫೋನ್ ಮಾಡಿದಳು. ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟುವ ಚಂದ್ರಿಕೆ ಎಂಬ ಬಿದಿರು ತಟ್ಟೆಗೆ ಬಿಡಲು ಎಷ್ಟು ಕೈಯಿದ್ದರೂ ಸಾಲದು. ಓಡಿದೆ. ಕೈಕಾಲು ತೊಳೆದು ಒಳಗೆ ಹೊರಟರೆ ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಜೇಬ್ ತೋರ್ಸ್ಲಾ."

ತೋರಿಸಿದೆ. ಏನೂ ಇರಲಿಲ್ಲ. ಒಳಗೆ ಬಿಟ್ಟಳು.

ನೀವು ದೇವರಿಗೆಂದು ಹಚ್ಚಿದ್ದರ ಹೊಗೆ ಯಾರ ಮೂಗಿಗೆ ಹೋಗುತ್ತಿದೆ ಎಂದು, ಕೈಮುಗಿದಾಗ ಒಮ್ಮೆಯಾದರೂ ಕಣ್ಣು ಬಿಟ್ಟು ನೋಡಿದ್ದೀರಾ?