ಏಳನೆಯ ಗೂಟದ ಕೆಳಗಿನ ಉಸುಕು

ಇಮಾಮಸಾಬರೇ, ಸರಕಾರಿ ಕಾಗದದಲ್ಲಿ ನಿಮ್ಮನ್ನು ಉಸುಕಿನ ಕಳ್ಳನೆಂದು ಬರೆದವನು ನಾನು. ನೀವು ದಂಡೆಯಿಂದ ಒಂದು ಬುಟ್ಟಿ ಉಸುಕನ್ನೂ ತೆಗೆದಿರಲಿಲ್ಲ. ಬರೆಯುವಾಗಲೇ ಅದು ನನಗೆ ಗೊತ್ತಿತ್ತು.

ನನ್ನ ಘನ ವಿದ್ಯೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಕಚೇರಿಯವರು ನನ್ನನ್ನು ಮೂರು ವಾರ ಕರಾವಳಿಗೆ ಕಳಿಸಿದ್ದರು. ಬಿರುಗಾಳಿ ಎದ್ದಾಗ ಸಮುದ್ರವು ದಂಡೆಯನ್ನೂ ಅದರ ಹಿಂದಿನ ಮರಳುದಿಬ್ಬವನ್ನೂ ಎಷ್ಟು ತಿನ್ನುತ್ತದೆಂದು ಮುಂಚಿತವಾಗಿ ಹೇಳುವ ಲೆಕ್ಕ ಅಲ್ಲಿ ಕಲಿಸಿದರು. ದಿಬ್ಬದ ಎತ್ತರ, ಇಳಿಜಾರು, ಉಸುಕಿನ ಕಾಳು, ಅಲೆಯ ಜೋರು — ಇಷ್ಟು ಕೊಟ್ಟರೆ ಕಂಪ್ಯೂಟರ್ ಒಂದು ಗೆರೆ ಎಳೆಯುತ್ತಿತ್ತು: ಸಮುದ್ರ ಇಲ್ಲಿಗೆ ಬಂದು ನಿಲ್ಲತಕ್ಕದ್ದು. ಹಾವೇರಿ ಜಿಲ್ಲೆಗೆ ಸಮುದ್ರವಿಲ್ಲ. ಆದರೆ ನನ್ನಲ್ಲಿ ಪ್ರಮಾಣಪತ್ರವಿತ್ತು, ಅದಕ್ಕೆ ಎಲ್ಲಿಯದಾದರೂ ನೀರು ಬೇಕಿತ್ತು. ರಾಣೆಬೆನ್ನೂರಿನ ಆಚೆ ನಿಮ್ಮೂರ ಹೊಳೆದಂಡೆಗೆ ಅದನ್ನು ಹೊಂದಿಸಲು ಹೊರಟೆ.

ಹೊಳೆದಂಡೆಗೆ ಒಂದು ಹೆಚ್ಚಿನ ಕೆಲಸವಿತ್ತು. ಮೇಲೆ ಎರೆಮಣ್ಣು ಕಂಡರೂ ಕೆಳಗೆ ಉಸುಕಿರಬಹುದು; ಉಸುಕಿದ್ದರೆ ಮಹಾಪೂರ ಬುಡದಿಂದಲೇ ಕೊರೆಯುತ್ತದೆ. ಆದ್ದರಿಂದ ಅಳತೆಗೆಂದು ದಂಡೆಗುಂಟ ನೆಟ್ಟ ಪ್ರತಿ ಗೂಟದ ಬಳಿ ಆಳುದ್ದ ಅಗೆದು ನೋಡಬೇಕು. ಆರು ಗೂಟ ಮುಗಿದವು, ಆರಕ್ಕೂ ಎರೆಮಣ್ಣೇ. ಏಳನೆಯದು ನಿಮ್ಮ ಮನೆಯ ಹಿಂದೆ. ಅಂದು ಅಮಾವಾಸ್ಯೆ. ಅಗೆಯುವ ಫಕೀರಪ್ಪ ಗುದ್ದಲಿ ಕೆಳಗಿಟ್ಟ.

“ಅಮಾಸಿ ದಿನ ಭೂಮಿತಾಯಿಗೆ ಕಬ್ಬಿಣ ಮುಟ್ಟಸಂಗಿಲ್ರೀ ಸಾಹೇಬ್ರ. ನಾಳೆ ಬೆಳಕ ಹರಿಯೂದ್ರಾಗ ಅಗದ ಕೊಡ್ತೇನಿ.”

ಒಂದು ದಿನ. ಒಂದೇ ಒಂದು ದಿನ ಕಾಯಬೇಕಿತ್ತು. ಆದರೆ ಮರುದಿನ ಹಾವೇರಿಯಲ್ಲಿ ಮೇಲಧಿಕಾರಿಗಳ ಮುಂದೆ ನನ್ನ ನಕ್ಷೆಯನ್ನು ಹರಡಿ ನಿಲ್ಲುವ ಮುಹೂರ್ತ ಗೊತ್ತಾಗಿತ್ತು. ಏಳನೆಯ ಸಾಲಿನಲ್ಲಿ ‘ಮೇಲಿನಂತೆ’ ಎಂದು ಬರೆದೆ. ನೀವು ನೋಡುತ್ತಾ ನಿಂತಿದ್ದಿರಿ.

“ಇಲ್ಲಿ ಕೆಳಗ ಬರೇ ಉಸುಕ ಐತ್ರಿ. ನಮ್ಮ ಅಜ್ಜನ ಕಾಲದಾಗ ಹೊಳಿ ಇಲ್ಲೇ ಹರೀತಿತ್ತಂತ. ಮನಿ ಬಿಡೂದು ಚಲೋ ಏನ್ರಿ?”

“ಏನೂ ಬ್ಯಾಡ್ರಿ. ಹೊಳಿ ನಿಮ್ಮ ಅಂಗಳಾನೂ ಮುಟ್ಟಂಗಿಲ್ಲ. ಬೇಕಾದ್ರ ಬರದ ಕೊಡ್ತೇನಿ.”

“ಬರದ ಕೊಡ್ರಿ,” ಎಂದು ನಕ್ಕಿರಿ. “ಹೊಳಿಗೆ ಓದಾಕ ಬಂದ್ರ ಆತು.”

ಹೊಳೆಗೆ ಓದಲು ಬರಲಿಲ್ಲ. ಆ ಮಳೆಗಾಲ ಅದು ಆರು ಗೂಟಗಳಲ್ಲಿ ನನ್ನ ಗೆರೆಯನ್ನು ವಿನಯದಿಂದ ಪಾಲಿಸಿತು. ಏಳನೆಯದರಲ್ಲಿ ಬುಡ ಕೊರೆದು, ಮಧ್ಯಾಹ್ನದ ಹೊತ್ತಿಗೆ ನಿಮ್ಮ ಅಂಗಳವನ್ನೂ ಅಡಿಗೆಮನೆಯನ್ನೂ ಆಮೇಲೆ ಉಳಿದ ಗೋಡೆಗಳನ್ನೂ ಇಳಿಸಿಕೊಂಡಿತು. ನೀವೆಲ್ಲ ಹೊರಗೆ ಓಡಿ ಬದುಕಿದಿರಿ. ಅದರಲ್ಲಿ ನನ್ನ ಲೆಕ್ಕದ ಪಾಲೇನೂ ಇಲ್ಲ.

ಒಂದೇ ಕಡೆ ಅಂದಾಜು ತಪ್ಪಿದ್ದೇಕೆಂದು ಮೇಲಿನವರು ಕೇಳಿದರು. ‘ಅಗೆದು ನೋಡಲಿಲ್ಲ’ — ಎರಡೇ ಮಾತು. ಅದರ ಬದಲು ಬಹಳ ಚೆಂದದ ಭಾಷೆಯಲ್ಲಿ ಬರೆದೆ: ಸದರಿ ಮನೆಯ ಮಾಲೀಕರು ದಂಡೆಯ ಬುಡದಿಂದ ಉಸುಕನ್ನು ಸಾಗಿಸಿದ್ದರಿಂದ ಕುಸಿತ ಉಂಟಾಗಿರುತ್ತದೆ. ನಂಬಿದರು. ಉಸುಕು ಕದಿಯುವವರು ಆ ಹೊಳೆಗುಂಟ ಇದ್ದೇ ಇದ್ದರಲ್ಲ — ಸುಳ್ಳಿಗೆ ಸಾಕ್ಷಿಯನ್ನೂ ಹುಡುಕಬೇಕಾಗಲಿಲ್ಲ. ನನ್ನ ಗೆರೆಯೊಳಗೇ ಇದ್ದು ಮನೆ ಕಳೆದುಕೊಂಡ ಉಳಿದವರಿಗೆ ಎತ್ತರದ ಜಾಗದಲ್ಲಿ ನಿವೇಶನ ಸಿಕ್ಕಿತು. ನಿಮಗೆ ಸಿಕ್ಕಿದ್ದು ಆ ಹೆಸರು. ನೀವು ಊರು ಬಿಟ್ಟಿರಿ. ನನಗೆ ಬಡ್ತಿಯಾಯಿತು, ಆಮೇಲೆ ಶಾಲು ಹೊದಿಸಿ ನಿವೃತ್ತಿ ಮಾಡಿದರು.

ಹೋದ ವಾರ ಬ್ಯಾಡಗಿ ಬಸ್ ನಿಲ್ದಾಣದಲ್ಲಿ ನೀವೇ ನನ್ನನ್ನು ಗುರುತು ಹಿಡಿದಿರಿ.

“ಅರೆ, ಸಾಹೇಬ್ರ! ಕುಂದ್ರಿ, ಕುಂದ್ರಿ. ಈ ವರ್ಷ ಹೊಳಿ ಎಲ್ಲೀ ಮಟಾ ಬರತೈತಿ ಹೇಳ್ರಿ ಮತ್ತ!”

ಚಹಾ ತರಿಸಿದಿರಿ. ನಾನೂ ನಕ್ಕೆ. ಆಮೇಲೆ, ಬಸಿಯಲ್ಲಿ ಚಹಾ ಆರಿಸುತ್ತ, ಈಗಿರುವ ಊರನ್ನೂ, ಮೊಮ್ಮಗಳ ಸಂಬಂಧ ಯಾವ ಮನೆಯವರೊಂದಿಗೆ ಮುರಿದುಬಿತ್ತೆಂಬುದನ್ನೂ ಹೇಳಿದಿರಿ.

“ಹುಡುಗಿ ಮನಸಿಗೆ ಬಂದಿತ್ರಿ ಅವರಿಗೆ. ನಮ್ಮೂರಾಗ ಯಾರನ್ನೋ ಕೇಳ್ಯಾರ. ಉಸುಕ ಕದ್ದ ಮನೆತನ ಅಂದಾರ. ಆ ಕಾಗದ ಯಾವ ಪುಣ್ಯಾತ್ಮ ಬರದನೋ, ಖರೇ ಹೇಳ್ತೇನಿ, ಒಮ್ಮೆ ಅವನ ಮುಂದ ಕುಂತು ಕೇಳಬೇಕಾಗೇತಿ ನಂಗ — ಯಾಕಪಾ, ನಾ ನಿಂಗ ಏನ ಮಾಡಿದ್ದೆ ಅಂತ.”

ನೀವು ಅವನ ಮುಂದೆಯೇ ಕುಳಿತಿದ್ದಿರಿ. ಅವನು ಚಹಾ ಮುಗಿಸಿ, ಬಸ್ಸು ಬಂತೆಂದು ಎದ್ದು ಹೋದ. ಅದು ಅವನ ಬಸ್ಸೂ ಆಗಿರಲಿಲ್ಲ, ಇಮಾಮಸಾಬರೇ.

ಈ ಬರಹಕ್ಕೆ ರುಜು ಹಾಕಿದ್ದೇನೆ. ಒಂದು ಪ್ರತಿ ಹಳೆಯ ಕಚೇರಿಗೆ, ಒಂದು ನಿಮ್ಮೂರ ಪಂಚಾಯಿತಿಗೆ. ಇನ್ನೊಂದನ್ನು ಹಿಡಿದು ನಾಳೆ ಮುಂಜಾನೆ ನಿಮ್ಮ ಬೀಗರಾಗಬೇಕಿದ್ದವರ ಮನೆಗೆ ಹೋಗುತ್ತೇನೆ — ಅವರು ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ನಿಂತು ಓದುತ್ತೇನೆ. ಅಲ್ಲಿಂದ ನಿಮ್ಮಲ್ಲಿಗೆ.

ನೀವು ಕೇಳಬೇಕೆಂದಿದ್ದನ್ನು ಕೇಳಿರಿ. ನೀವು ನನಗೆ ಏನೂ ಮಾಡಿರಲಿಲ್ಲ.