ತಿಪ್ಪಮ್ಮನ ಹೆಸರು ಅಳಿಸಿದಾಗ

ಓದುಗ ಬಂಧುಗಳಿಗೆ ನಮಸ್ಕಾರ. ತಡವಾಗಿ ಕಾಲೇಜು ಸೇರಿದವನು ನಾನು. ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

“ಅಣ್ಣಾ, ನಾ ಹೆಸರು ಕೊಟ್ಟೀನ್ರಿ. ಮೊಬೈಲಿಗೆ ಮೆಸೇಜ್ ಸುದ್ದಾ ಬಂದದ,” ಎನ್ನುತ್ತ ಆ ಹುಡುಗಿ ಕಲಬುರಗಿಯ ನಮ್ಮ ಕಾಲೇಜಿನ ಬಾಗಿಲಲ್ಲಿ ನಿಂತಿದ್ದಳು. ಭಾಷಣ ಸ್ಪರ್ಧೆಗೆಂದು ಕಮಲಾಪುರದಿಂದ ಮೊದಲ ಬಸ್ಸಿಗೇ ಬಂದಿದ್ದಳು. ಹೆಸರು ನೋಂದಾಯಿಸುವ ವೆಬ್‌ಸೈಟ್ ಮಾಡಿದ್ದು ನಾವು ವಿದ್ಯಾರ್ಥಿಗಳೇ, ತಂಡಕ್ಕೆ ನಾನೇ ಮುಂದಾಳು. ಎಷ್ಟು ಹುಡುಕಿದರೂ ಅದರಲ್ಲಿ ತಿಪ್ಪಮ್ಮ ಎಂಬ ಅವಳ ಹೆಸರು ಸಿಗಲಿಲ್ಲ.

ಪಕ್ಕದಲ್ಲಿದ್ದ ನಮ್ಮ ತಂಡದ ಸ್ನೇಹಾಳ ಮುಖ ಸಪ್ಪಗಾಯಿತು. “ಯಾರೋ ಚ್ಯಾಷ್ಟಿಗೆ ಹಾಕ್ಯಾರಂತ ತಿಳಿದು ನಾನೇ ಅಳಿಸೀನಿ ಅಣ್ಣಾ,” ಎಂದಳು.

ಹುಡುಗಿ ಸಿಟ್ಟಾಗಲಿಲ್ಲ, ನಕ್ಕಳು. “ನನಗಿಂತ ಮೊದಲ ಹುಟ್ಟಿದ ಇಬ್ಬರು ಉಳಿಲಿಲ್ಲ ಅಕ್ಕಾ. ನಾನರೆ ಉಳೀಲಿ ಅಂತ ನಮ್ಮವ್ವ ತಿಪ್ಪಿ ಮ್ಯಾಲ ಹೊಳ್ಳಾಡಿಸಿ ಈ ಹೆಸರು ಇಟ್ಟಾಳ. ತಿಪ್ಪಿ ಕಸ ಅಂತ ತಿಳಿದು ಸಾವೇ ನನ್ನ ಬಿಟ್ಟು ಹೋಗ್ಯದ, ನೀವು ಬಿಡಲಿಲ್ಲ ನೋಡ್ರಿ!”

ಸ್ನೇಹಾ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಮುಚ್ಚಿದ್ದ ನೋಂದಣಿಯನ್ನು ಆ ಒಂದು ಹೆಸರಿಗಾಗಿ ಮತ್ತೆ ತೆರೆದೆವು. ಸ್ನೇಹಾ ಕಣ್ಣೊರೆಸಿಕೊಂಡು ತಾನೇ ಟೈಪ್ ಮಾಡಿದಳು. ವೇದಿಕೆಯ ಮೇಲಿಂದ “ತಿಪ್ಪಮ್ಮ” ಎಂದು ಕೂಗಿದಾಗ ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಆ ನಗೆ ಮುಳುಗುವಷ್ಟು ಜೋರಾಗಿ ನಮ್ಮ ತಂಡವೆಲ್ಲ ಚಪ್ಪಾಳೆ ತಟ್ಟಿತು.

ಈಗ ಯಾವ ಹೆಸರು ಸುಳ್ಳೆನಿಸಿದರೂ ಅಳಿಸುವ ಮುಂಚೆ ಫೋನ್ ಹಚ್ಚಿ ಕೇಳುತ್ತೇವೆ. ನಿಮ್ಮ ಹೆಸರು ಕೇಳಿಯೂ ಯಾರಾದರೂ ನಕ್ಕಿದ್ದರೆ, ಅದನ್ನು ಇಟ್ಟವರ ಕಥೆಯನ್ನು ದಯವಿಟ್ಟು ಬರೆದು ತಿಳಿಸಿ.