ಪಾಲಯ್ಯನ ಮೈಯೊಳಗಿನ ಭಟ್ಟಿ

ಹರೆಯದಿಂದಲೂ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಉರಿಯ ಮುಂದೆ ನಿಂತ ಪಾಲಯ್ಯನಿಗೆ ಬೆವರು ಹೊಸದೇನಲ್ಲ. ಆದರೆ ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ, ಅದೂ ಮಾಗಿಯ ಚಳಿಯಲ್ಲಿ, ಎದೆಯೊಳಗಿಂದ ಬೆಂಕಿ ಎದ್ದು ಮುಖಕ್ಕೆ ಅಡರಿ ಬನಿಯನ್ ತೊಯ್ದು ತೊಪ್ಪೆಯಾಗುವುದೆಂದರೇನು? ಇಷ್ಟು ವರ್ಷ ಮೈ ಹೀರಿದ ಭಟ್ಟಿಯ ಕಾವು ಈಗ ಹೊರಗೆ ಬರುತ್ತಿದೆ ಎಂದು ಮೊದಮೊದಲು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆಮೇಲೆ ಆ ಸಮಾಧಾನವೂ ಕೈಕೊಟ್ಟಿತು. ಹೋದ ರೋಗ ಮತ್ತೆ ಬಂತು, ಇನ್ನು ನನ್ನ ಕಥೆ ಮುಗಿಯಿತು ಎಂಬ ದಿಗಿಲು ಹತ್ತಿತು. ಹೇಳಿಕೊಳ್ಳೋಣವೆಂದರೆ ಯಾರ ಹತ್ತಿರ ಹೇಳಿಕೊಳ್ಳುತ್ತಾನೆ, ಪಾಪ?

ರೋಗ ಬಂದದ್ದನ್ನೇ ಅವನು ಯಾರಿಗೂ ಹೇಳಿರಲಿಲ್ಲ. ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಗೆ ಕ್ಯಾನ್ಸರ್ ಆಗಿತ್ತು. ದಾವಣಗೆರೆಯಲ್ಲಿ ಆಸ್ಪತ್ರೆಗಳಿಗೇನು ಬರವೇ? ಆದರೂ ಗುರುತಿನವರ ಕಣ್ಣು ತಪ್ಪಿಸಲೆಂದು ಬಸ್ಸು ಹತ್ತಿ ಹರಿಹರದ ಡಾಕ್ಟರ್ ಕರಿಬಸವರಾಜರ ಹತ್ತಿರ ಹೋಗಿದ್ದ. ‘ಈ ಗಡ್ಡೆ ಬೆಳೆಯೋದೇ ಗಂಡಸಿನ ಬೀಜದ ರಸದಿಂದ. ಬೀಜ ತೆಗೆದ್ರೆ ಅದಕ್ಕೆ ಊಟ ನಿಲ್ತೈತೆ’ ಎಂದು ಅವರು ಬಿಡಿಸಿ ಹೇಳಿದ್ದರು. ಮನೆಯವರನ್ನು ಕರೆದುಕೊಂಡು ಬನ್ನಿ ಎಂದಾಗ ಪಾಲಯ್ಯ ಕೈ ಮುಗಿದುಬಿಟ್ಟ. ‘ಬ್ಯಾಡ್ರಿ ಸಾಹೇಬ್ರೆ. ಅವಳಿಗೆ ಹರ್ನಿಯಾ ಅಂತೀನಿ. ಯಾರಾದ್ರೂ ಕೇಳಿದ್ರೆ ನೀವೂ ಹಂಗೇ ಅನ್ರಿ.’

ಹೆಂಡತಿ ಉಚ್ಚೆಂಗೆಮ್ಮ ನಂಬಿದಳು. ಆಪರೇಶನ್ ಮಾಡಿಸಿಕೊಂಡು ಬಂದವನಿಗೆ ಗಂಜಿ ಕಾಸಿ ಕೊಟ್ಟಳು, ಬಟ್ಟೆ ಒಗೆದು ಹಾಕಿದಳು. ಬೆವರು ಶುರುವಾದ ಮೇಲೆ ಅವನು ಹಾಸಿಗೆ ಎತ್ತಿಕೊಂಡು ಪಡಸಾಲೆಗೆ ಬಂದ. ‘ಒಳಗ ಸೆಕೆ’ ಎಂದ. ಊರೆಲ್ಲ ಕಂಬಳಿ ಹೊದ್ದ ಕಾಲದಲ್ಲಿ ಇವನಿಗೆ ಸೆಕೆಯಂತೆ! ಅವಳು ಒಮ್ಮೆ ಅವನ ಮುಖ ನೋಡಿದಳು, ಮತ್ತೆ ಕೇಳಲಿಲ್ಲ. ಅಂದಿನಿಂದ ಇಬ್ಬರ ನಡುವೆ ಊಟಕ್ಕೆ ಬರ್ರಿ, ಸಾಕು, ಇನ್ನೊಂದು ರೊಟ್ಟಿ ಎನ್ನುವಷ್ಟೇ ಮಾತು ಉಳಿಯಿತು.

ತೊಂಬತ್ತೆಂಟರ ಜನವರಿಯಲ್ಲಿ ತಪಾಸಣೆಗೆ ಹೋದಾಗ ಕರಿಬಸವರಾಜರು ಹೇಳಿದರು, ‘ಬರೋ ಭಾನುವಾರ ದಾವಣಗೆರೆಯಾಗೆ ನಮ್ಮ ಡಾಕ್ಟರುಗಳಿಗೆ ಪಾಠ ಐತೆ ಪಾಲಯ್ಯನೋರೆ, ಇದೇ ರೋಗದ ಮ್ಯಾಲೆ. ಬೆಂಗಳೂರಿಂದ ದೊಡ್ಡ ಡಾಕ್ಟ್ರು ಬರ್ತಾರೆ. ನಿಮ್ಮನ್ನ ಅವರಿಗೆ ತೋರಿಸ್ತೀನಿ. ಹೆಸರು ಹೇಳಲ್ಲ.’

‘ಡಾಕ್ಟರಿಗೂ ಪಾಠ ಏನ್ರಿ?’

‘ಹೂಂ ಮತ್ತೆ! ಹೊಸಾ ರಕ್ತಪರೀಕ್ಷೆ ಬಂದೈತೆ, ಹೊಸಾ ಔಷಧಿ ಬಂದಾವೆ. ಕಲೀದಿದ್ರೆ ಹೆಂಗೆ?’

ಸ್ವಂತ ಊರಿನಲ್ಲಿ ಅಷ್ಟು ಜನರ ಮುಂದೆ ಕೂರುವುದೆಂದರೆ ಪಾಲಯ್ಯನಿಗೆ ಜೀವ ಹೋದ ಹಾಗಾಯಿತು. ಆದರೂ ಒಪ್ಪಿದ. ಕರಿಬಸವರಾಜರ ಮುಂದೆ ಕೇಳಲು ಅಂಜಿದ್ದ ಒಂದೇ ಮಾತನ್ನು ದೊಡ್ಡ ಡಾಕ್ಟರನ್ನು ಕೇಳಬೇಕಿತ್ತು: ರೋಗ ಮತ್ತೆ ಬಂದಿದೆಯೋ, ಇಲ್ಲವೋ. ‘ಹರ್ನಿಯಾ ತೋರಿಸಿ ಬರ್ತೀನಿ’ ಎಂದು ಹೊರಟವನ ಕೈಗೆ ಉಚ್ಚೆಂಗೆಮ್ಮ ಖಾರ ಮಂಡಕ್ಕಿಯ ಚೀಲ ಕೊಟ್ಟಳು. ‘ಜೀವ ಉಳಿಸಿದೋರ ಹತ್ರ ಬರಿಗೈಲಿ ಹೋಗ್ತಾರೇನು?’

ವಿದ್ಯಾನಗರದ ಸಭಾಂಗಣದಲ್ಲಿ ಪರದೆ ಎಳೆದು ಕತ್ತಲು ಮಾಡಿದ್ದರು. ಗೋಡೆಯ ಮೇಲೆ ಚಿತ್ರಗಳು ಒಂದಾದ ಮೇಲೊಂದು ಬಂದವು, ಮಾತೆಲ್ಲ ಇಂಗ್ಲಿಷಿನಲ್ಲಿ. ದೀಪ ಹಾಕಿದ ಮೇಲೆ ಪಾಲಯ್ಯನನ್ನು ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಕರಿಬಸವರಾಜರು ಏನೋ ಓದಿದರು, ಅಷ್ಟೂ ತಲೆಗಳು ಇವನ ಕಡೆ ತಿರುಗಿದವು. ಯಾರೋ ಅಂಕಿ ಕೇಳಿದರು, ಇನ್ಯಾರೋ ಹೇಳಿದರು. ದೊಡ್ಡ ಡಾಕ್ಟರು ಕಾಗದ ನೋಡಿ ‘ಗುಡ್, ಗುಡ್’ ಎಂದರು. ಎಲ್ಲರೂ ಅವನ ವಿಷಯವನ್ನೇ ಆಡುತ್ತಿದ್ದರು, ಅವನನ್ನು ಮಾತ್ರ ಒಬ್ಬರೂ ಏನೂ ಕೇಳಲಿಲ್ಲ. ಭಟ್ಟಿಯಲ್ಲಿ ಒಬ್ಬನೇ ನಿಂತಾಗಲೂ ಇಷ್ಟು ಒಂಟಿ ಎನಿಸಿರಲಿಲ್ಲ ಅವನಿಗೆ.

ಹಾಳಾದ್ದು, ಕಾವು ಅದೇ ಹೊತ್ತಿಗೆ ಏರಬೇಕೇ! ಮುಖ ಕೆಂಪಾಯಿತು, ಬೆವರು ಗದ್ದದಿಂದ ತೊಟ್ಟಿಕ್ಕಿತು. ಟವೆಲ್ಲಿನಲ್ಲಿ ಒತ್ತಿ ಒತ್ತಿ ಒರೆಸಿಕೊಂಡ. ಎಂ.ಸಿ.ಸಿ. ಬಡಾವಣೆಯಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದ ಡಾಕ್ಟರ್ ವಾಣಿ ಮಧ್ಯದ ಸಾಲಿನಿಂದ ಎದ್ದು ಹತ್ತಿರ ಬಂದರು.

‘ಯಜಮಾನ್ರೇ, ಒಮ್ಮಿಂದೊಮ್ಮೆಗೆ ಹಿಂಗೆ ಮೈ ಕಾಯ್ತೈತಾ? ಆಮ್ಯಾಲೆ ಚಳಿ ಹತ್ತತೈತಾ?’

ಹೆಣ್ಣುಮಗಳ ಮುಂದೆ ನಾಚಿಕೆಯಿಂದ ಕುಗ್ಗಿಹೋದ ಪಾಲಯ್ಯ ತಲೆ ಆಡಿಸಿದ. ಆಡಿಸಿದ್ದೇ ತಡ, ಅಷ್ಟು ದಿನ ಕಟ್ಟಿಟ್ಟ ಮಾತು ಒಡೆದು ಬಂತು. ‘ರೋಗ ತಿರುಗಿ ಬಂತೇನವ್ವಾ? ನಾನು ಸಾಯ್ತೀನಾ?’

ದೊಡ್ಡ ಡಾಕ್ಟರು ಕಾಗದ ಕೆಳಗಿಟ್ಟು ಕನ್ನಡದಲ್ಲೇ ಹೇಳಿದರು, ‘ಇಲ್ಲ, ಇಲ್ಲ. ರೋಗ ಹಿಡಿತದಲ್ಲಿದೆ. ಇದು ಆಪರೇಶನ್ನಿನಿಂದ ಆಗೋದು. ತೀರಾ ಕಷ್ಟವಾದರೆ ಮಾತ್ರೆ ಇದೆ.’

‘ಮುಟ್ಟು ನಿಲ್ಲೋ ಕಾಲಕ್ಕೆ ಹೆಂಗಸರಿಗೂ ಹಿಂಗೇ ಆಗ್ತೈತೆ’ ಎಂದರು ವಾಣಿ. ‘ಮನೆಯಾಗೆ ಅಮ್ಮಾರನ್ನ ಕೇಳಿ ನೋಡ್ರಿ.’

ಎಲ್ಲರೂ ಊಟಕ್ಕೆ ಎದ್ದರು. ಕರಿಬಸವರಾಜರು ಅವನ ಹೆಗಲು ಮುಟ್ಟಿ ‘ನಾನೇ ಕೇಳಬೇಕಿತ್ತು’ ಎಂದು ಊಟಕ್ಕೆ ಕರೆದರು. ಪಾಲಯ್ಯ ಒಲ್ಲೆನೆಂದು ಬಿಸಿಲಲ್ಲಿ ನಡೆದುಕೊಂಡೇ ಮನೆಗೆ ಬಂದ. ಸಾಯುವುದಿಲ್ಲ ಎಂದು ಗೊತ್ತಾಗಿತ್ತು, ಆದರೂ ಎದೆ ಹಗುರಾಗಲಿಲ್ಲ.

ಉಚ್ಚೆಂಗೆಮ್ಮ ಚೀಲ ನೋಡಿದಳು. ‘ಕೊಡಲೇ ಇಲ್ವೇನ್ರಿ?’

‘ಮರೆತೆ.’ ಅವನು ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತ. ‘ಹರ್ನಿಯಾ ಅಲ್ಲ ಕಣೇ ಅದು.’

ಎಲ್ಲ ಹೇಳಿದ. ಕ್ಯಾನ್ಸರು, ಬೀಜ ತೆಗೆದದ್ದು, ಬೆವರು, ಯಾವುದನ್ನೂ ಬಿಡಲಿಲ್ಲ. ಅವಳು ಅತ್ತು ಕರೆದು ರಂಪ ಮಾಡುತ್ತಾಳೆಂದುಕೊಂಡಿದ್ದ. ಅವಳು ಅಳಲಿಲ್ಲ.

‘ಹೋದದ್ದು ಹೋತು, ಜೀವ ಉಳೀತಲ್ಲ. ಪಡಸಾಲೆಗೆ ಯಾಕ ಹೋದ್ರಿ? ನನ್ನ ಕಂಡ್ರೆ ಹೇಸಿಗೆ ಆಗೈತೆ ಅನ್ಕೊಂಡಿದ್ದೆ ನಾನು.’

‘ನಿನಗೂ ಹಿಂಗೆ ಆಗಿತ್ತೇನು?’

‘ವರ್ಷಗಟ್ಟಲೆ. ಒಂದಿನ ನಿಮ್ಮ ಹತ್ರ ಹೇಳಿದೆ. ಭಟ್ಟಿ ಮುಂದೆ ಬೇಯೋನು ನಾನು, ನಿನಗೆಂಥಾ ಸೆಕೆ ಅಂದು ನಕ್ರಿ. ಆಮ್ಯಾಲೆ ಹೇಳಲಿಲ್ಲ.’

ಪಾಲಯ್ಯನಿಗೆ ನಕ್ಕದ್ದು ನೆನಪೇ ಇರಲಿಲ್ಲ. ಎಷ್ಟು ಕೆದಕಿದರೂ ನೆನಪಾಗಲಿಲ್ಲ. ಅಷ್ಟರಲ್ಲಿ ಕಾವು ಮತ್ತೆ ಏರಿತು. ಅವನು ಟವೆಲ್ಲಿಗೆ ಕೈ ಹಾಕುವ ಮೊದಲೇ ಅವಳು ಅದನ್ನು ಕಸಿದು, ಕೊಡದ ನೀರಲ್ಲಿ ಅದ್ದಿ ಹಿಂಡಿ, ಅವನ ಹಿಂಗತ್ತಿಗೆ ಇಟ್ಟಳು.

‘ಮುಖ ಒರೆಸಿದ್ರೆ ಹೋಗಲ್ಲ. ಇಲ್ಲಿ ಇಡಬೇಕು.’

ಉರಿ ಮೆಲ್ಲಗೆ ಇಳಿಯಿತು. ‘ಇದನ್ನ ಯಾರು ಹೇಳಿಕೊಟ್ರು ನಿನಗೆ?’

‘ಯಾರು ಹೇಳಿಕೊಡ್ತಾರೆ’ ಎಂದಳು ಉಚ್ಚೆಂಗೆಮ್ಮ. ‘ಒಬ್ಬಳೇ ಕಲ್ತೆ.’